ವಾಲ್ವ್ ಮುಚ್ಚೋದು, ವಾಲ್ವ್ ಮುಚ್ಚಿದ್ದು

ಮೊನ್ನೆ ರಾತ್ರಿ ಊಟ ಆದಮೇಲೆ ಒಂಬತ್ತನೇ ಕ್ಲಾಸಿನ ಮಗಳು ಇಂಗ್ಲಿಷ್ ನೋಟ್ಸ್ ಹಿಡ್ಕೊಂಡು ಉರು ಹೊಡೀತಾ ಕೂತಿದ್ದಳು. 'ಎಂಜಾಯ್, ಅವಾಯ್ಡ್, ಫಿನಿಶ್, ಮೈಂಡ್, ಸಜೆಸ್ಟ್, ಡಿನೈ, ಇವಕ್ಕೆಲ್ಲ ಐಎನ್‌ಜಿ. ವಾಂಟ್, ಹೋಪ್, ಡಿಸೈಡ್, ಅಗ್ರೀ, ಪ್ರಾಮಿಸ್, ರೆಫ್ಯೂಸ್, ಇವಕ್ಕೆಲ್ಲ ಟು.' ಎಡಗಡೆ ಕಾಲಂ ಜೆರಂಡ್, ಬಲಗಡೆ ಕಾಲಂ ಇನ್ಫಿನಿಟಿವ್, ಒಂದೊಂದರಲ್ಲಿ ಇಪ್ಪತ್ತೈದು ಪದ. ಮಗ್ಗಿ ಹೇಳೋ ರಾಗದಲ್ಲೇ ಹೇಳ್ತಾ ಇದ್ದಳು. ಪುಟದ ಕೆಳಗೆ ಕೆಂಪು ಇಂಕಲ್ಲಿ ಒಂದು ಸಾಲು: 'ಬೋತ್: ಸ್ಟಾರ್ಟ್, ಬಿಗಿನ್, ಲೈಕ್, ಸ್ಟಾಪ್, ರಿಮೆಂಬರ್, ಫರ್ಗೆಟ್, ಟ್ರೈ, ರಿಗ್ರೆಟ್.'

ಆ ಕೆಂಪು ಸಾಲು ನೋಡಿ ಹೊಟ್ಟೆಯೊಳಗೆ ಕಲಸಿದಂಗಾಯ್ತು. 'ಬೋತ್' ಅಂದರೆ ಯಾವುದು ಹಾಕಿದರೂ ನಡೆಯುತ್ತೆ ಅಂತ ತಾನೇ ಮಕ್ಕಳು ತಿಳ್ಕೊಳ್ಳೋದು? ಸ್ಟಾರ್ಟ್, ಬಿಗಿನ್‌ಗೆ ಸರಿ. 'ಇಟ್ ಸ್ಟಾರ್ಟೆಡ್ ರೇನಿಂಗ್' ಅಂದರೂ 'ಸ್ಟಾರ್ಟೆಡ್ ಟು ರೇನ್' ಅಂದರೂ ಮಳೆ ಅದೇ ಮಳೆ. (ನಮ್ಮ ಕೋಲಾರದಲ್ಲಿ ಎರಡೂ ಅಪರೂಪ.) ಆದರೆ ಫರ್ಗೆಟ್? ಅದಕ್ಕೂ ಯಾವುದು ಹಾಕಿದರೂ ನಡೆಯುತ್ತೆ ಅಂದುಕೊಂಡಿದ್ದವನು ನಾನು. ಅದಕ್ಕೆ ಮೂರು ದಿನದ ಸಂಬಳ ಕಳ್ಕೊಂಡಿದ್ದೀನಿ.

ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ನರಸಾಪುರದ ಕಡೆ, ಹೆದ್ದಾರಿ ಪಕ್ಕದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಕಂಪ್ರೆಸರ್, ಜನರೇಟರ್, ನೀರು, ಇಷ್ಟು ನಮ್ಮ ಸೆಕ್ಷನ್ನಿನ ಪಾಲು. ನೀರಿನ ವಿಷಯ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರ ಅಡಿ ಕೊರೆಸಿದರೂ ಧೂಳೆದ್ದು ಬಂದು, ಬೋರ್ ಲಾರಿಯವನಿಗೆ ದುಡ್ಡು ಎಣಿಸಿಕೊಟ್ಟು ಸುಮ್ಮನೆ ಮನೆಗೆ ಬಂದವರು ಊರಿಗೆ ಹತ್ತು ಜನ ಇದ್ದಾರೆ. ಕಾರ್ಖಾನೆಗೂ ನೀರು ಟ್ಯಾಂಕರಲ್ಲೇ ಬರ್ತಿತ್ತು. ಒಂದು ರಾತ್ರಿ ಪಾಳಿಯಲ್ಲಿ ಮೇಲಿನ ಟ್ಯಾಂಕಿನ ಡ್ರೈನ್ ವಾಲ್ವ್ ತೆಗೆದು ಅಡಿಯ ಕೆಸರು ಹೊರಗೆ ಬಿಟ್ಟೆ. ಮುಚ್ಚೋದು ಮರೆತೆ. ಟ್ಯಾಂಕಿನ ಮಟ್ಟ ಇಳಿದ ಹಾಗೆಲ್ಲ ಆಟೋ ಸ್ವಿಚ್ಚು ಪಂಪ್ ಓಡಿಸ್ತಾ ಓಡಿಸ್ತಾ, ಬೆಳಗಾಗೋ ಹೊತ್ತಿಗೆ ಕೆಳಗಿನ ಸಂಪು ಒಣಗಿ ನಿಂತಿತ್ತು. ಕಾಂಪೌಂಡ್ ಆಚೆಯ ಚರಂಡಿಯಲ್ಲಿ ಮಾತ್ರ ಹೊಳೆ.

ಇಂಗ್ಲಿಷಲ್ಲಿ ಮೆಮೊ ಬಂತು. ಉತ್ತರಾನೂ ಇಂಗ್ಲಿಷಲ್ಲೇ ಕೊಡಬೇಕು ಅಂದರು. ತಪ್ಪು ಒಪ್ಪಿಕೊಂಡರೆ ಮುಗೀತು ಅಂತ ಸೆಕ್ಯುರಿಟಿ ರೂಮಿನ ಬೆಂಚಿನ ಮೇಲೆ ಕೂತು ಬರೆದೆ: 'ಐ ಫರ್ಗಾಟ್ ಕ್ಲೋಸಿಂಗ್ ದ ಡ್ರೈನ್ ವಾಲ್ವ್.' ಬರೆದಾಗ ಹೆಮ್ಮೆಯೂ ಆಯ್ತು ಅನ್ನಿ. ಸ್ಪೆಲ್ಲಿಂಗ್ ಒಂದೂ ತಪ್ಪಿರಲಿಲ್ಲ.

ಓದಿದ ಆಫೀಸರು ಹೊರರಾಜ್ಯದವರು, ಕಾನ್ವೆಂಟಿನಲ್ಲಿ ಕಲಿತವರು. ಅವರಿಗೆ ಆ ಸಾಲು ಬೇರೆಯೇ ಕಥೆ ಹೇಳಿತು: ವಾಲ್ವ್ ಮುಚ್ಚಿದ್ದೆ, ಮುಚ್ಚಿದ್ದು ನನಗೆ ಮರೆತುಹೋಗಿತ್ತು. ಹಾಗಾದರೆ ಆಮೇಲೆ ತೆಗೆದವರು ಯಾರು? ಆ ರಾತ್ರಿ ಅತ್ತ ಓಡಾಡಿದ್ದವರು ಹೌಸ್‌ಕೀಪಿಂಗ್‌ನ ಇಬ್ಬರು ಕಾಂಟ್ರಾಕ್ಟ್ ಹುಡುಗರು. ಎರಡು ದಿನ ಅವರನ್ನ ಕೂಡಿಸಿಕೊಂಡು ಕೇಳಿದ್ದೇ ಕೇಳಿದ್ದು. ಒಬ್ಬ ಅಂತೂ ಕ್ಯಾಂಟೀನ್ ಹಿಂದೆ ನಿಂತು ಅಳ್ತಿದ್ದ. ವಿಷಯ ಕಿವಿಗೆ ಬಿದ್ದು ನಾನು ಓಡಿಹೋಗಿ 'ಸರ್, ನಾಟ್ ಕ್ಲೋಸ್ಡ್ ಸರ್, ನಾನು ಮುಚ್ಚೇ ಇಲ್ಲ' ಅಂದೆ. ಅವರು ನನ್ನ ಕಾಗದ ತೆಗೆದು, 'ಕ್ಲೋಸಿಂಗ್' ಅನ್ನೋ ಪದದ ಕೆಳಗೆ ಪೆನ್ನಿನ ತುದಿ ಇಟ್ಟು ನನ್ನ ಮುಖ ನೋಡಿದರು. ಆ ಪೆನ್ನಿನ ಕ್ಯಾಪು ಹಲ್ಲಲ್ಲಿ ಕಚ್ಚಿ ಕಚ್ಚಿ ಬೆಳ್ಳಗಾಗಿತ್ತು, ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹುಡುಗರನ್ನ ಉಳಿಸೋಕೆ ಮಾತು ಬದಲಾಯಿಸ್ತಿದ್ದಾನೆ ಅಂತ ಅವರ ಲೆಕ್ಕ. ಕೊನೆಗೆ ಹುಡುಗರನ್ನ ಬಿಟ್ಟರು. ನನಗೆ ಮೂರು ದಿನ ಸಸ್ಪೆನ್ಷನ್, ಸಂಬಳ ಇಲ್ಲ. ಕಾಗದ ಶುರುವಾಗಿದ್ದೇ 'ವಿ ರಿಗ್ರೆಟ್ ಟು ಇನ್ಫಾರ್ಮ್ ಯೂ' ಅಂತ.

ಸಂದರ್ಭ ನೋಡಿ ಅರ್ಥ ಮಾಡ್ಕೋಬಹುದಿತ್ತಲ್ಲ ಅಂತ ನೀವು ಅನ್ನಬಹುದು. ಮಾಡ್ಕೋಬಹುದಿತ್ತು. ಆದರೆ ವಿಚಾರಣೆಗೆ ಅಂತ ಕೂತವರು ಅರ್ಥ ಮಾಡ್ಕೊಳ್ಳೋಕೆ ಕೂತಿರಲ್ಲ.

ನಾನು ಹೇಳಬೇಕಿದ್ದದ್ದು 'ಐ ಫರ್ಗಾಟ್ ಟು ಕ್ಲೋಸ್.' ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಹೇಳಿದ್ದು 'ಫರ್ಗಾಟ್ ಕ್ಲೋಸಿಂಗ್', ಅಂದರೆ ಮುಚ್ಚಿದ್ದು ತಲೆಯಿಂದ ಹಾರಿಹೋಯ್ತು. ಯಾಕೆ ಹಾಗೆ ಬರೆದೆ ಅಂತ ಆಮೇಲೆ ಎಷ್ಟೋ ವರ್ಷ ಯೋಚನೆ ಮಾಡಿದ್ದೀನಿ. ನಮ್ಮ ಕಾಲದಲ್ಲಿ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಂದ ಎಬಿಸಿಡಿ. ಹೈಸ್ಕೂಲಿಗೆ ಬಂದಾಗ ಮೇಷ್ಟ್ರು ಒಂದು ಸುಲಭ ಸೂತ್ರ ಕೊಟ್ಟಿದ್ದರು: ಕನ್ನಡದಲ್ಲಿ 'ವುದು' ಬಂದರೆ ಐಎನ್‌ಜಿ, 'ಲು' ಅಥವಾ 'ಕ್ಕೆ' ಬಂದರೆ ಟು. ಈಜುವುದು ಸ್ವಿಮ್ಮಿಂಗ್, ಈಜಲು ಟು ಸ್ವಿಮ್. ಒಳ್ಳೇ ಸೂತ್ರವೇ. ಹತ್ತಕ್ಕೆ ಏಳು ಸಲ ಕೈ ಹಿಡಿಯುತ್ತೆ. 'ಟೀ ಕುಡಿಯೋದು ನಿಲ್ಲಿಸಿದೆ' ಅಂದರೆ 'ಸ್ಟಾಪ್ಡ್ ಡ್ರಿಂಕಿಂಗ್ ಟೀ', ಡಾಕ್ಟರ ಮಾತು ಕೇಳಿ ಬಿಟ್ಟುಬಿಟ್ಟೆ. 'ಟೀ ಕುಡಿಯೋಕೆ ನಿಲ್ಲಿಸಿದೆ' ಅಂದರೆ 'ಸ್ಟಾಪ್ಡ್ ಟು ಡ್ರಿಂಕ್ ಟೀ', ಮುಳಬಾಗಿಲಿಂದ ಬರ್ತಾ ದಾರೀಲಿ ಗಾಡಿ ನಿಲ್ಲಿಸಿದೆ. ಸರಿಯಾಗಿ ಕೂರುತ್ತೆ.

ಎಡವೋದು ಮರೆಯೋ ಕಡೆ. ಕನ್ನಡದಲ್ಲಿ 'ಮುಚ್ಚೋದು ಮರೆತೆ' ಅಂತೀವಿ. 'ವುದು' ಇದೆ. ಸೂತ್ರದ ಪ್ರಕಾರ ಕ್ಲೋಸಿಂಗ್. ನಾನು ಪಾಠ ಮರೆತು ತಪ್ಪು ಮಾಡಿದ್ದಲ್ಲ ಸ್ವಾಮಿ, ಪಾಠ ನೆನಪಿಟ್ಕೊಂಡು ತಪ್ಪು ಮಾಡಿದ್ದು.

ಆದರೆ ಕನ್ನಡವನ್ನ ಬೈಯೋಕೆ ಹೋಗಬೇಡಿ. ಇನ್ನೊಂದು ಸಲ ಕಿವಿಗೊಟ್ಟು ಕೇಳಿ. 'ಬಾಗಿಲು ಹಾಕೋದು ಮರೆತೆ.' 'ಬಾಗಿಲು ಹಾಕಿದ್ದು ಮರೆತೆ.' ಎರಡನ್ನೂ ಕಲಸುವ ಕನ್ನಡದ ಮಗು ಒಂದೂ ಇಲ್ಲ. ಹಾಕೋದು ಅಂದರೆ ಇನ್ನೂ ಆಗಬೇಕಾದ್ದು, ಹಾಕಿದ್ದು ಅಂದರೆ ಆಗಿಹೋದದ್ದು. ನಮ್ಮಜ್ಜಿಗೆ ಕನ್ನಡ ಅಷ್ಟಕ್ಕಷ್ಟೇ, ನಮ್ಮ ಸೀಮೆಯ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಯಲ್ಲೂ ತೆಲುಗೇ. ಅಜ್ಜಿ ಕೂಡ 'ತಲುಪು ವೇಸೇದಿ', 'ತಲುಪು ವೇಸಿಂದಿ' ಅಂತ ಬೇರೆ ಬೇರೆ ಮಾಡೇ ಹೇಳ್ತಿದ್ದಳು. ಸ್ಕೂಲಿನ ಮೆಟ್ಟಿಲು ಹತ್ತದ ಅಜ್ಜಿಗೆ ಗೊತ್ತಿದ್ದ ಈ ವ್ಯತ್ಯಾಸವೇ ಇಂಗ್ಲಿಷಿನ 'ಟು ಕ್ಲೋಸ್', 'ಕ್ಲೋಸಿಂಗ್'. ಹೇಳಿಕೊಡೋರು ಮಾತ್ರ ಯಾರೂ ಇರಲಿಲ್ಲ.

ಅದಕ್ಕೇ ಮೊನ್ನೆ ಮಗಳ ನೋಟ್ಸ್ ಮಡಚಿಟ್ಟು ಕೇಳಿದೆ.

'ಅಮ್ಮಣ್ಣಿ, ಬಾಗಿಲಿಗೆ ಬೀಗ ಹಾಕಿದ್ದು ನೆನಪಿದೆ ಅನ್ನು, ಇಂಗ್ಲಿಷಲ್ಲಿ.'

'ಐ ರಿಮೆಂಬರ್... ಟು ಲಾಕ್? ಲಾಕಿಂಗ್? ಬೋತ್ ಅಲ್ವಾ ಅಪ್ಪಾ, ಯಾವುದಾದರೂ ಆಗುತ್ತೆ.'

'ಬೀಗ ಹಾಕಿ ಆಗಿತ್ತೋ, ಹಾಕಬೇಕಿತ್ತೋ?'

'ಆಗಿತ್ತು. ಹಾಕಿದ್ದು ಅಂದೆಯಲ್ಲ.'

'ಆಗಿದ್ದಕ್ಕೆ ಐಎನ್‌ಜಿ. ಆಗಬೇಕಾದ್ದಕ್ಕೆ ಟು. ಈಗ, ಮರೀದೆ ಬೀಗ ಹಾಕು ಅನ್ನು.'

'ರಿಮೆಂಬರ್ ಟು ಲಾಕ್.' ಅಂದವಳೇ ತಾನೇ ಬಲಗಡೆ ಕಾಲಂ ತೆಗೆದಳು. 'ವಾಂಟ್, ಹೋಪ್, ಪ್ರಾಮಿಸ್, ಡಿಸೈಡ್... ಅಪ್ಪಾ, ಇವೆಲ್ಲ ಆಗಬೇಕಾದ್ದೇ!' ಎಡಗಡೆ: 'ಎಂಜಾಯ್, ಫಿನಿಶ್, ಡಿನೈ... ಆಗ್ತಾ ಇದ್ದದ್ದು, ಆಗಿದ್ದು.' ಸ್ವಲ್ಪ ಹೊತ್ತು ಬಿಟ್ಟು ಗುರುಗುಟ್ಟಿದಳು: 'ಅವಾಯ್ಡ್? ಅದು ಆಗೇ ಇಲ್ಲವಲ್ಲ.'

ಹಿಡಿದುಬಿಟ್ಟಳು. ಅವಾಯ್ಡ್, ಪೋಸ್ಟ್‌ಪೋನ್, ಸಜೆಸ್ಟ್ ಇವೆಲ್ಲ ಆಗದ ಕೆಲಸದ ಮಾತೇ ಆದರೂ ಐಎನ್‌ಜಿ ತಗೊಳ್ತಾವೆ. ಮ್ಯಾನೇಜ್ ಅಂತೂ ಕೆಲಸ ಆಗಿಹೋದ ಮೇಲೂ 'ಮ್ಯಾನೇಜ್ಡ್ ಟು ಕ್ಯಾಚ್ ದ ಬಸ್' ಅಂತ ಟು ಬಿಡಲ್ಲ. ನನ್ನ ಸೂತ್ರವೂ ಹತ್ತಕ್ಕೆ ಎಂಟೇ. ಉಳಿದ ಎರಡನ್ನ ಓದಿ ಓದಿ ಕಿವಿ ಪಳಗಿಸ್ಕೋಬೇಕು. ಅದಕ್ಕೆ ಕಾಲಂ ಬಾಯಿಪಾಠ ಮಾಡಬೇಕಾಗಿಲ್ಲ. ಅಲ್ಲದೆ ಅಲ್ಲಿ ತಪ್ಪಿದರೆ ಯಾರ ಗಂಟೂ ಹೋಗಲ್ಲ. 'ಐ ಎಂಜಾಯ್ ಟು ಪ್ಲೇ' ಅಂದರೆ ಇಂಗ್ಲಿಷ್ ಬಲ್ಲವರು ಒಳಗೊಳಗೇ ನಗಬಹುದು, ಅರ್ಥ ಕೆಡಲ್ಲ. ಸ್ಟಾಪ್, ರಿಮೆಂಬರ್, ಫರ್ಗೆಟ್, ಟ್ರೈ, ರಿಗ್ರೆಟ್ ಕಡೆ ತಪ್ಪಿದರೆ ಅರ್ಥವೇ ಉಲ್ಟಾ. ನನ್ನ ತಕರಾರು ಇಷ್ಟೇ: ಐವತ್ತು ಪದದ ಪಟ್ಟಿಗೆ ವಾರಗಟ್ಟಲೆ ಉರು ಹೊಡೆಸ್ತೀರಿ, ನಿಜವಾಗಿ ಕೈ ಕಚ್ಚೋ ಈ ಐದನ್ನ 'ಬೋತ್' ಅಂತ ಒಂದು ಸಾಲಲ್ಲಿ ತಳ್ಳಿಬಿಡ್ತೀರಿ.

ಟ್ರೈ ನೋಡಿ, ಅದು ಕನ್ನಡದವರಿಗೆ ಮಾಡಿಟ್ಟ ಊಟ. 'ತೆಗೆಯೋಕೆ ನೋಡಿದೆ' ಅಂದರೆ 'ಟ್ರೈಡ್ ಟು ಓಪನ್', ಪ್ರಯತ್ನ ಪಟ್ಟೆ, ಬಹುಶಃ ಆಗಲಿಲ್ಲ. 'ಎಣ್ಣೆ ಬಿಟ್ಟು ನೋಡಿದೆ' ಅಂದರೆ 'ಟ್ರೈಡ್ ಪುಟ್ಟಿಂಗ್ ಆಯಿಲ್', ಎಣ್ಣೆ ಬಿಟ್ಟಿದ್ದಂತೂ ಆಯ್ತು, ಗುಣ ಕಂಡಿತಾ ಇಲ್ಲವಾ ಅನ್ನೋದು ಮುಂದಿನ ಮಾತು. ಮಾಡೋಕೆ ನೋಡೋದು, ಮಾಡಿ ನೋಡೋದು. ತುಕ್ಕು ಹಿಡಿದ ನಟ್ಟಿನ ಮುಂದೆ ಸ್ಪ್ಯಾನರ್ ಹಿಡಿದು ಕೂತ ಯಾವ ಮೆಕ್ಯಾನಿಕ್ಕಿಗೂ ಇದನ್ನ ಎರಡು ಸಲ ಹೇಳಬೇಕಾಗಿಲ್ಲ. ಗ್ರಾಮರ್ ಪುಸ್ತಕ ಮಾತ್ರ ಇದಕ್ಕೆ ಅರ್ಧ ಪುಟ ಸುತ್ತಿ ಬಳಸುತ್ತೆ.

ಈ ಟು ನಮ್ಮ 'ಕ್ಕೆ'ಗೆ ಹೊಂದೋದೂ ಆಕಸ್ಮಿಕ ಅಲ್ಲ. 'ಟು ಮಾರ್ಕೆಟ್' ಅನ್ನೋ ಟು, 'ಟು ಕ್ಲೋಸ್' ಅನ್ನೋ ಟು ಮೂಲದಲ್ಲಿ ಒಂದೇ, 'ಕಡೆಗೆ' ಅಂತ ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಆ ಟು ಜೊತೆ ಬರೋ ಕ್ರಿಯಾರೂಪ ಚತುರ್ಥಿ ವಿಭಕ್ತಿಯಲ್ಲೇ ಇರ್ತಿತ್ತು. ನಮ್ಮದೂ ಅದೇ ತಾನೆ? ಮುಚ್ಚುವುದಕ್ಕೆ, ಬಾಯಲ್ಲಿ ಸವೆದು ಮುಚ್ಚೋಕೆ. ಇನ್ನು ಐಎನ್‌ಜಿ ಹಳೆಯ ಇಂಗ್ಲಿಷಿನಲ್ಲಿ ಕ್ರಿಯೆಯಿಂದ ನಾಮಪದ ಮಾಡೋ ಪ್ರತ್ಯಯ. ಓಡು ಅನ್ನೋದರಿಂದ ಓಟ ಮಾಡಿದ ಹಾಗೆ. ಇಷ್ಟು ತಿಳಿದರೆ ಆಫೀಸಿನವರೆಲ್ಲ ಮೇಲ್ ಕೊನೆಯಲ್ಲಿ ಬರೆಯೋ 'ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಂ ಯೂ' ಯಾಕೆ ತಪ್ಪು ಅನ್ನೋದೂ ತಿಳಿಯುತ್ತೆ. ಅಲ್ಲಿ 'ಟು' ಮುಂದೆ 'ಯುವರ್ ರಿಪ್ಲೈ' ಅಂತ ನಾಮಪದ ಇಟ್ಟು ನೋಡಿ, ಕೂರುತ್ತೆ. ನಾಮಪದ ಕೂರೋ ಜಾಗದಲ್ಲಿ ಐಎನ್‌ಜಿಯೇ ಬರಬೇಕು: 'ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಂ ಯೂ.' ನಾನೂ ಹನ್ನೆರಡು ವರ್ಷ ತಪ್ಪಾಗೇ ಬರೆದೆ. ಯಾವ ಮ್ಯಾನೇಜರೂ ತಿದ್ದಲಿಲ್ಲ, ಯಾಕಂದರೆ ಅವರೂ ಹಾಗೇ ಬರೀತಿದ್ದರು.

ಇನ್ನು ರಿಗ್ರೆಟ್. ಕಾರ್ಖಾನೆಯವರ 'ರಿಗ್ರೆಟ್ ಟು ಇನ್ಫಾರ್ಮ್' ಅಂದರೆ ಇನ್ನು ಮುಂದಿನ ಸಾಲಲ್ಲಿ ಹೇಳಲಿದ್ದೇವೆ, ಬೇಜಾರಿದೆ ಅಂತ. ಅದೇ 'ರಿಗ್ರೆಟ್ ಇನ್ಫಾರ್ಮಿಂಗ್' ಅಂದಿದ್ದರೆ, ನಿನಗೆ ಹೇಳಿ ತಪ್ಪು ಮಾಡಿದೆವು ಅಂತಾಗ್ತಿತ್ತು. ಅಂಥ ಕಾಗದ ಯಾವ ಆಫೀಸಿಂದಲೂ ಇದುವರೆಗೆ ನನಗೆ ಬಂದಿಲ್ಲ.

ಈಗ ನಿಜವಾದ ಹೊಟ್ಟೆಉರಿಗೆ ಬರ್ತೀನಿ. ಮಗಳಿಗೆ ಇದು ಐದು ನಿಮಿಷದಲ್ಲಿ ಹತ್ತಿದ್ದು ಕನ್ನಡದಲ್ಲಿ ಕೇಳಿದ್ದಕ್ಕೆ. ಅವಳ ಸ್ಕೂಲಲ್ಲಿ ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಬಾಯಿಂದ ಬಿದ್ದರೆ ಹತ್ತು ರೂಪಾಯಿ ಫೈನ್. ಡಬ್ಬಿಯೂ ಇದೆ, ಕ್ಲಾಸ್ ಲೀಡರ್ ಅದಕ್ಕೆ ಪಾರುಪತ್ತೇದಾರ. ಮಗು ತಲೆಯಲ್ಲಿ 'ಹಾಕೋದು, ಹಾಕಿದ್ದು' ಅನ್ನೋ ಚಿನ್ನದಂಥ ತಕ್ಕಡಿ ಇಟ್ಕೊಂಡು ಬಂದಿದೆ. ಅದನ್ನ ಗೇಟ್ ಹೊರಗೇ ಇಟ್ಟು ಬಾ ಅಂತೀವಿ. ಒಳಗೆ ಕರೆದು ಐವತ್ತು ಪದ ಮಗ್ಗಿ ಮಾಡಿಸ್ತೀವಿ. ಇಂಗ್ಲಿಷ್ ಬೇಡ ಅನ್ನೋನಲ್ಲ ನಾನು, ಫೀಸು ಕಟ್ಟಿ ಆ ಸ್ಕೂಲಿಗೇ ಕಳಿಸ್ತಿದ್ದೀನಲ್ಲ. ಒಂದು ಭಾಷೆ ಕಲಿಯೋಕೆ ಇನ್ನೊಂದರ ಬಾಯಿ ಕಟ್ಟಬೇಕಾಗಿಲ್ಲ ಅಂತಷ್ಟೇ ನನ್ನ ಮಾತು. ಮಾಲೂರು ತಾಲ್ಲೂಕಿನ ನಮ್ಮ ಮಾಸ್ತಿಯವರ ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷಲ್ಲಿ, 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಅವರು ಯಾವ ಡಬ್ಬಿಗೆ ಎಷ್ಟು ಫೈನ್ ಹಾಕಿ ಇದನ್ನೆಲ್ಲ ಕಲಿತಿರಬಹುದು?

ಶನಿವಾರ ಪೇರೆಂಟ್ಸ್ ಮೀಟಿಂಗ್ ಇತ್ತು. ಇಂಗ್ಲಿಷ್ ಮೇಡಂ ಚಿಕ್ಕ ವಯಸ್ಸಿನವರು, ಬಂಗಾರಪೇಟೆ ಕಡೆಯವರು ಅಂತ ಮಾತಲ್ಲೇ ಗೊತ್ತಾಗುತ್ತೆ. ಮಗಳ ಮಾರ್ಕ್ಸ್ ಮಾತು ಮುಗಿದ ಮೇಲೆ, ಕೆಂಪು ಇಂಕಿನ ಸಾಲು ತೋರಿಸಿ ನನ್ನ ವಾಲ್ವಿನ ಕಥೆ ಹೇಳಿದೆ. ಜಗಳಕ್ಕೆ ಬಂದ ಅಂದ್ಕೊಳ್ತಾರೇನೋ ಅಂತ ಒಳಗೆ ಅಳುಕಿತ್ತು. ಅವರು ಪೂರ್ತಿ ಕೇಳಿದರು. ಒಂದು ಸಲ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಅಂದರು:

'ಸರ್, ಎ ಸೆಕ್ಷನ್‌ಗೆ ಬಾಗಿಲು ಹಾಕ್ಕೊಂಡು ನಾನೂ ಕನ್ನಡದಲ್ಲೇ ಹೇಳ್ಕೊಟ್ಟೆ. ನಿಮ್ಮ ಮಗಳು ಬಿ ಸೆಕ್ಷನ್ ಸರ್, ಆ ರೂಮಿಗೆ ಬಾಗಿಲಿಲ್ಲ.'