ಸಣ್ಣ ಪಾತ್ರಗಳು ತಿದ್ದಿದ ನನ್ನ ಸಿನಿಮಾ ಪಟ್ಟಿ

ಕನ್ನಡದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಸಿನಿಮಾ ‘ಭೂತಯ್ಯನ ಮಗ ಅಯ್ಯು’. ಈ ಮಾತನ್ನು ಈಗ ಗಟ್ಟಿಯಾಗಿ ಹೇಳಬಲ್ಲೆ. ಹೋದ ತಿಂಗಳು ಪೂರ್ತಿ, ರಾತ್ರಿ ಊಟ ಮುಗಿದು ಅಡುಗೆಮನೆ ಒರೆಸಿದ ಮೇಲೆ, ನಾನು ಮೆಚ್ಚಿದ್ದ ಸಿನಿಮಾಗಳನ್ನೆಲ್ಲ ಮತ್ತೆ ನೋಡಿದೆ. ‘ನಿಮಗಿಷ್ಟದ ಹತ್ತು ಸಿನಿಮಾ ಯಾವುವು’ ಅಂತ ಯಾರಾದರೂ ಕೇಳಿದಾಗ ಬಾಯಿಗೆ ಬಂದ ಹೆಸರು ಹೇಳಿಬಿಡುವುದು ನನಗೆ ಸಾಕಾಗಿತ್ತು. ಅದಕ್ಕೇ ಒಂದು ಕಟ್ಟುಪಾಡು ಹಾಕಿಕೊಂಡೆ. ಕನ್ನಡದ್ದೇ ಆಗಬೇಕು, ಹಿಂದೆ ನೋಡಿ ಇಷ್ಟಪಟ್ಟಿದ್ದೇ ಆಗಬೇಕು, ಟೈಟಲ್ ಕಾರ್ಡಿನಿಂದ ‘ಶುಭಂ’ವರೆಗೆ ಒಂದೇ ಕೂರಿಕೆಯಲ್ಲಿ ನೋಡಬೇಕು. ಹಾಡು ಓಡಿಸುವಂತಿಲ್ಲ, ಫೋನ್ ಮುಟ್ಟುವಂತಿಲ್ಲ.

ಗೊತ್ತಿರುವ ಕಥೆಯನ್ನು ಮತ್ತೆ ನೋಡುವುದರಲ್ಲಿ ಒಂದು ಅನುಕೂಲ ಇದೆ. ಮುಂದೇನು ಅನ್ನುವ ಆತಂಕ ಇರುವುದಿಲ್ಲ, ನಾಯಕನ ಹಿಂದೆ ಓಡಬೇಕಾಗಿಲ್ಲ. ಕಣ್ಣು ತಾನಾಗಿಯೇ ಚೌಕಟ್ಟಿನ ಅಂಚಿಗೆ ಹೋಗುತ್ತದೆ. ಬಾಗಿಲ ಸಂದಿಯಲ್ಲಿ ನಿಂತ ಹೆಂಡತಿ, ಜಗಲಿಯ ಮೇಲೆ ಕೂತ ಮುದುಕ, ಎರಡೇ ಮಾತಾಡಿ ಹೋಗುವ ಅಂಗಡಿಯವನು, ಇವರೆಲ್ಲ ಕಾಣತೊಡಗುತ್ತಾರೆ. ಮೊದಲ ವಾರ ಮುಗಿಯುವ ಹೊತ್ತಿಗೆ ನನ್ನ ಅಳತೆಗೋಲು ಇದೇ ಆಗಿಬಿಟ್ಟಿತು. ಕ್ಯಾಮೆರಾ ಬೇರೆ ಕಡೆ ತಿರುಗಿದ ಮೇಲೂ ಈ ಮನುಷ್ಯ ತನ್ನ ಬದುಕನ್ನು ಬದುಕುತ್ತಲೇ ಇರುತ್ತಾನೆ ಅಂತ ನನಗೆ ನಂಬಿಕೆ ಬರಬೇಕು. ಬಂದರೆ ಸಿನಿಮಾ ಮೇಲಕ್ಕೆ, ಬಾರದಿದ್ದರೆ ಕೆಳಕ್ಕೆ.

‘ನಾಗರಹಾವು’ ತೆಗೆದುಕೊಳ್ಳಿ. 1972ರ ಈ ಸಿನಿಮಾ ಎಂದರೆ ಎಲ್ಲರಿಗೂ ರಾಮಾಚಾರಿ, ಚಿತ್ರದುರ್ಗದ ಕೋಟೆ, ವಿಷ್ಣುವರ್ಧನ್ ಕಣ್ಣುಗಳು. ಈ ಸಲ ನಾನು ನೋಡಿದ್ದು ಚಾಮಯ್ಯ ಮೇಷ್ಟ್ರ ಮನೆಯನ್ನು. ಮಕ್ಕಳಿಲ್ಲದ ಮೇಷ್ಟ್ರು, ಅವರ ಹೆಂಡತಿ ತುಂಗಾ. ಕೆ. ಎಸ್. ಅಶ್ವಥ್ ಮತ್ತು ಲೀಲಾವತಿ ಆ ಮನೆಯನ್ನು ಎಷ್ಟು ನಿಜ ಮಾಡಿದ್ದಾರೆ ಎಂದರೆ, ರಾಮಾಚಾರಿ ಒಳಗೆ ಬಂದಾಗ ಆ ಇಬ್ಬರ ಮುಖ ಅರಳುವುದೇ ಒಂದು ಬೇರೆ ಕಥೆ. ತುಂಗಾ ಹುಡುಗನ ಪರವಾಗಿ ಮಾತಾಡುವಾಗ ಅಲ್ಲಿ ಕೇಳಿಸುವುದು ಮಗನಿಲ್ಲದ ತಾಯಿಯ ದನಿ. ಮೇಷ್ಟ್ರು ಹೇಳಿದರು ಅಂತ ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನಲ್ಲ, ಆ ನಿರ್ಧಾರದ ಭಾರ ಪೂರ್ತಿ ಬೀಳುವುದು ಅಶ್ವಥ್ ಅವರ ಮೇಲೆ. ಪ್ರೀತಿಸುವ ಹುಡುಗನಿಗೆ ತನ್ನ ನಂಬಿಕೆಯಿಂದಲೇ ಕೇಡು ಮಾಡುವ ಗುರುವಿನ ಪಾತ್ರ ಅದು. ಒಬ್ಬ ಒಳ್ಳೆಯ ಮನುಷ್ಯ ಒಳ್ಳೆಯದೇ ಅಂದುಕೊಂಡು ಎಷ್ಟು ಹಾಳು ಮಾಡಬಲ್ಲ ಅನ್ನುವುದನ್ನು ಪುಟ್ಟಣ್ಣ ಕಣಗಾಲ್ ಇಷ್ಟು ನೇರವಾಗಿ ತೋರಿಸಿದ್ದಾರೆ. ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಸಿನಿಮಾದೊಳಗೆ ತಂದಿದ್ದರಿಂದ ಕೆಲವು ಕಡೆ ಅವಸರ ಕಾಣುತ್ತದೆ, ಆಮೇಲೆ ರಾಮಾಚಾರಿ ಪ್ರೀತಿಸುವ ಮಾರ್ಗರೆಟ್‌ಗೆ ಇನ್ನೂ ಜಾಗ ಬೇಕಿತ್ತು. ಆದರೂ ಇದಕ್ಕೆ ನಾಲ್ಕನೆಯ ಸ್ಥಾನ.

ಪುಟ್ಟಣ್ಣನವರದೇ ‘ಶರಪಂಜರ’ (1971) ಐದನೆಯದು. ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ಕಾವೇರಿ. ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಹೆಂಗಸನ್ನು ಸುತ್ತಲಿನವರು ಹೇಗೆ ನೋಡುತ್ತಾರೆ ಅನ್ನುವುದೇ ಇಲ್ಲಿನ ವಿಷಯ. ಹಾಗಾಗಿ ಸುತ್ತಲಿನವರೇ ಇಲ್ಲಿ ಮುಖ್ಯ. ಅವಳ ಮಾತನ್ನು ಪೂರ್ತಿ ಕೇಳದೆ ತಲೆಯಾಡಿಸುವವರು, ಅವಳು ನಕ್ಕರೆ ಬೆಚ್ಚುವವರು, ಅತ್ತರೆ ಇನ್ನೂ ಬೆಚ್ಚುವವರು. ‘ಹದಿನಾಲ್ಕು ವರ್ಷ ವನವಾಸದಿಂದ’ ಹಾಡನ್ನು ರೇಡಿಯೋದಲ್ಲಿ ಕೇಳಿ ಬೆಳೆದವಳು ನಾನು. ಸಿನಿಮಾದೊಳಗೆ ಕೇಳಿದಾಗ ಸೀತೆಯ ಕಥೆ ಯಾಕೆ ಬಂತು ಅಂತ ಎದೆಗೆ ತಾಗುತ್ತದೆ. ಗುಣವಾದೆ ಅಂತ ಕಾವೇರಿ ಎಷ್ಟು ಸಲ ಸಾಬೀತು ಮಾಡಬೇಕು? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಇವತ್ತಿಗೂ ಹಾಗೇ ಇದೆ, ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

‘ಬಂಗಾರದ ಮನುಷ್ಯ’ನನ್ನು ಎಂಟಕ್ಕೆ ಇಟ್ಟಿದ್ದೇನೆ, ಅದು ಉಳಿದದ್ದಕ್ಕೆ ರಾಜ್‌ಕುಮಾರ್ ಅವರಷ್ಟೇ ಬಾಲಕೃಷ್ಣ ಅವರ ರಾಚೂಟಪ್ಪನೂ ಕಾರಣ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡು ಸಂಭಾಷಣೆ ಹಿಡಿಯುತ್ತಿದ್ದರು. ಅದನ್ನು ನೆನಪಿಟ್ಟುಕೊಂಡು ಅವರ ದೃಶ್ಯಗಳನ್ನು ನೋಡಿ. ಎದುರಿನವರು ಮಾತಾಡುವಾಗ ಅವರಷ್ಟು ಗಮನ ಕೊಟ್ಟು ನೋಡುವ ನಟ ನಮ್ಮಲ್ಲಿ ಇನ್ನೊಬ್ಬರಿಲ್ಲ. ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದವರೂ ಅವರೇ.

ಅಮ್ಮನ ಜೊತೆ ದೊಡ್ಡ ಜಗಳ ಆಗಿದ್ದು ‘ಕಸ್ತೂರಿ ನಿವಾಸ’ದ ವಿಷಯಕ್ಕೆ. “ಅಂಥಾ ಸಿನಿಮಾನ ಒಂಬತ್ತನೇದು ಮಾಡಿದೀಯಲ್ಲೇ, ನಿಂಗೆ ಮನಸ್ಸು ಹೇಗೆ ಬಂತು?” ಅಂದರು. ದೊರೆ-ಭಗವಾನ್ ಅವರ ಈ ಸಿನಿಮಾದಲ್ಲಿ ರಾಜ್‌ಕುಮಾರ್ ಅಭಿನಯಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಕೊಡುಗೈ ರವಿವರ್ಮ ಬರಿಗೈ ಆಗುವಾಗ ಬೆನ್ನು ಬಾಗದಂತೆ ನಡೆಯುವ ಆ ನಡಿಗೆಯನ್ನು ಮತ್ತೆ ಮತ್ತೆ ನೋಡಬಹುದು. ಆದರೆ ಅಲ್ಲಿ ಉಳಿದವರೆಲ್ಲ ರವಿವರ್ಮನ ದೊಡ್ಡತನ ಕಾಣಿಸಲಿ ಅಂತಲೇ ಇದ್ದಾರೆ. ಅವನು ಹೋದ ಮೇಲೆ ಅವರ ಬದುಕು ಏನು ಅಂತ ನನಗೆ ಊಹಿಸಲಿಕ್ಕೆ ಆಗುವುದಿಲ್ಲ. ಅಮ್ಮ ಒಪ್ಪಲಿಲ್ಲ. “ಒಬ್ಬನ ಕಥೆ ಕಣೇ ಅದು, ಒಬ್ಬನೇ ಇರಬೇಕು” ಅಂದರು. ಅವರ ಮಾತಿನಲ್ಲೂ ಬಲ ಇದೆ. ಅಂದಹಾಗೆ, 2014ರಲ್ಲಿ ಬಣ್ಣ ಬಳಿದು ಬಿಡುಗಡೆ ಮಾಡಿದ ಪ್ರತಿಗಿಂತ ಕಪ್ಪು-ಬಿಳುಪಿನದೇ ಚೆಂದ ಅನ್ನುವುದರಲ್ಲಿ ನಮ್ಮಿಬ್ಬರದೂ ಒಂದೇ ಅಭಿಪ್ರಾಯ.

ನಗಿಸುವ ಸಿನಿಮಾಗಳನ್ನು ಇಂಥ ಪಟ್ಟಿಗಳಿಂದ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ. ‘ಗಣೇಶನ ಮದುವೆ’ (1990) ನನ್ನ ಆರನೆಯ ಸಿನಿಮಾ. ಫಣಿ ರಾಮಚಂದ್ರ ಒಂದು ವಠಾರವನ್ನು ಪೂರ್ತಿ ಎಬ್ಬಿಸಿ ನಿಲ್ಲಿಸಿದ್ದಾರೆ. ಅನಂತನಾಗ್ ಎಷ್ಟು ಚೆನ್ನಾಗಿದ್ದರೂ ವಠಾರದ ಯಜಮಾನ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು ಎದುರಿಗೆ ಇಲ್ಲದಿದ್ದರೆ ಆ ಜಗಳಗಳಿಗೆ ರುಚಿ ಎಲ್ಲಿಂದ? ಬಾಡಿಗೆ ಮನೆ, ಗೋಡೆಯಾಚೆಗೂ ಕೇಳಿಸುವ ಮಾತು, ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುವುದು, ಬೆಂಗಳೂರಿನ ಆ ಬದುಕನ್ನು ಮುಂದೆ ಯಾರಾದರೂ ತಿಳಿಯಬೇಕೆಂದರೆ ಈ ಸಿನಿಮಾ ತೋರಿಸಿದರೆ ಸಾಕು.

‘ತಬರನ ಕಥೆ’ ಏಳು. ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ, ಪೂರ್ಣಚಂದ್ರ ತೇಜಸ್ವಿಯವರ ಕಥೆ. ಪಿಂಚಣಿಗಾಗಿ ಅಲೆಯುವ ತಬರ, ಕಾಲು ಕೊಳೆಯುತ್ತಿರುವ ಹೆಂಡತಿ ಅಪ್ಪಿ. ಇದರ ಬಗ್ಗೆ ಹೆಚ್ಚು ಬರೆಯಲಾರೆ. ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯದು ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ (1977). ಯು. ಆರ್. ಅನಂತಮೂರ್ತಿಯವರ ಕಥೆ, ಬಿ. ವಿ. ಕಾರಂತರ ಸಂಗೀತ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ ವಿಧವೆ ಯಮುನಕ್ಕನಿಗೆ ಆಗುವುದನ್ನೆಲ್ಲ ಅರ್ಧಂಬರ್ಧ ಅರ್ಥ ಮಾಡಿಕೊಳ್ಳುತ್ತ ನೋಡುತ್ತಾನೆ. ದೊಡ್ಡವರ ಪಾಲಿಗೆ ನಾಣಿ ಲೆಕ್ಕಕ್ಕೇ ಇಲ್ಲದ ಹುಡುಗ, ಆದರೆ ಸಿನಿಮಾ ಅವನನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವ ಕ್ರೌರ್ಯಕ್ಕೆ ಇಲ್ಲಿ ಯಾರೂ ಕೂಗಾಡುವುದಿಲ್ಲ. ಮಂತ್ರ ಇದೆ, ಮಡಕೆ ಇದೆ, ಕ್ರಮ ತಪ್ಪದ ವಿಧಿ ಇದೆ. ಅದೇ ಹೆಚ್ಚು ಹೆದರಿಸುತ್ತದೆ.

ಇಲ್ಲಿ ಪ್ರಿಂಟಿನ ವಿಷಯ ಹೇಳಲೇಬೇಕು, ಯಾಕೆಂದರೆ ಈ ತಿಂಗಳಿಡೀ ನನ್ನನ್ನು ಕಾಡಿದ್ದು ಅದು. ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕೋರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮರುಸ್ಥಾಪಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ‘ನಾಗರಹಾವು’ 2018ರಲ್ಲಿ ಡಿಜಿಟಲ್ ರೂಪದಲ್ಲಿ ಮತ್ತೆ ಥಿಯೇಟರಿಗೆ ಬಂತು. ಅಷ್ಟು ಅದೃಷ್ಟ ಇಲ್ಲದ ಸಿನಿಮಾಗಳ ಗತಿ ನೋಡಿ. ಯೂಟ್ಯೂಬಿನಲ್ಲಿ ಸಿಗುವ ಪ್ರತಿಗಳಲ್ಲಿ ಮುಖಗಳ ಹಣೆ ಕತ್ತರಿಸಿ ಹೋಗಿರುತ್ತದೆ, ಮೂಲೆಯಲ್ಲಿ ಯಾವುದೋ ಲೋಗೋ, ನಡುವೆ ದೃಶ್ಯಗಳೇ ಮಾಯ, ರಾತ್ರಿಯ ದೃಶ್ಯ ಎಂದರೆ ಬರೀ ಮಸಿ. ನಾನು ಅಂಚಿನಲ್ಲಿ ನಿಂತವರನ್ನು ಹುಡುಕುತ್ತಿದ್ದೆನಲ್ಲ, ಎಷ್ಟೋ ಸಿನಿಮಾಗಳಲ್ಲಿ ಅಂಚೇ ಉಳಿದಿಲ್ಲ. ನೆಗೆಟಿವ್ ಹಾಳಾದ ಮೇಲೆ ಯಾರು ಎಷ್ಟು ದುಡ್ಡು ಸುರಿದರೂ ಅದು ಹಿಂದಕ್ಕೆ ಬರುವುದಿಲ್ಲ. ಹೊಸ ಸಿನಿಮಾಗೆ ಸಬ್ಸಿಡಿ ಕೊಡುವ ಸರ್ಕಾರ ವರ್ಷಕ್ಕೆ ನಾಲ್ಕೈದು ಹಳೆಯ ಸಿನಿಮಾಗಳನ್ನಾದರೂ ಸರಿಯಾಗಿ ಸ್ಕ್ಯಾನ್ ಮಾಡಿಸಿ ಉಳಿಸಬೇಕು. ಇದನ್ನು ನಾವು ಪ್ರೇಕ್ಷಕರೇ ಗಟ್ಟಿಯಾಗಿ ಕೇಳಬೇಕು.

ಎರಡನೆಯ ಸ್ಥಾನ ‘ತಿಥಿ’ಗೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆ ಗೊತ್ತಿಲ್ಲದ ಹಳ್ಳಿಯವರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮತ್ತು ಈರೇಗೌಡ ಮಾಡಿದ ಸಿನಿಮಾ. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮೂರು ತಲೆಮಾರಿನವರು ಮೂರು ದಾರಿ ಹಿಡಿಯುತ್ತಾರೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಚಿಂತೆ, ಮರಿಮಗ ಅಭಿಗೆ ಕುರಿ ಕಾಯುವವರ ಹುಡುಗಿಯ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ, ನಡೆಯುತ್ತಾನೆ, ಕುಡಿಯುತ್ತಾನೆ. ಆ ಗಡ್ಡಪ್ಪ ಬೆಂಕಿಯ ಮುಂದೆ ಕೂತು ಕುರುಬರಿಗೆ ತನ್ನ ಹಳೆಯ ಕಥೆ ಹೇಳುವ ದೃಶ್ಯವನ್ನು ಕನ್ನಡದ ಅತ್ಯುತ್ತಮ ದೃಶ್ಯಗಳಲ್ಲಿ ಒಂದು ಎನ್ನುತ್ತೇನೆ. ಯಾವುದಕ್ಕೂ ತಲೆಕೆಡಿಸಿಕೊಳ್ಳದವನು ಯಾಕೆ ಹಾಗಾದ ಅನ್ನುವುದು ಆಗ ತಿಳಿಯುತ್ತದೆ. ಸಾಲ ಕೊಡುವ ಕಮಲಕ್ಕನನ್ನೂ ಮರೆಯಬೇಡಿ. ಇಂಥ ಕಮಲಕ್ಕ ಇಲ್ಲದ ಊರು ನಮ್ಮ ಕಡೆ ಯಾವುದಿದೆ?

ಇನ್ನು ‘ಭೂತಯ್ಯನ ಮಗ ಅಯ್ಯು’. 1974. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ, ಸಿದ್ಧಲಿಂಗಯ್ಯನವರ ನಿರ್ದೇಶನ, ಚಿಕ್ಕಮಗಳೂರಿನ ಹತ್ತಿರದ ಕಳಸಾಪುರದಲ್ಲಿ ಚಿತ್ರೀಕರಣ. ಜಿಪುಣ ಭೂತಯ್ಯನಾಗಿ ಎಂ. ಪಿ. ಶಂಕರ್. ಕುಸ್ತಿಯಾಡಿ ಬೆಳೆದ ಆ ದೊಡ್ಡ ದೇಹದಲ್ಲಿ ಅಷ್ಟು ಸಣ್ಣ ಮನಸ್ಸನ್ನು ಕೂರಿಸಿದ್ದು ನೋಡಬೇಕು. ಭೂತಯ್ಯ ಸತ್ತಾಗ ಹೆಣ ಹೊರಲು ಊರಿನವರು ಬರುವುದಿಲ್ಲ. ಅಯ್ಯುವಿನ ದ್ವೇಷ ಹುಟ್ಟುವುದು ಅಲ್ಲಿ. ಊರಿನವರ ಮೇಲೆ ಭೂತಯ್ಯ ಮಾಡಿದ ಅನ್ಯಾಯ ನಿಜ, ತಂದೆಯ ಹೆಣದ ಮುಂದೆ ಒಬ್ಬನೇ ನಿಂತ ಮಗನ ಅವಮಾನವೂ ನಿಜ. ಸಿದ್ಧಲಿಂಗಯ್ಯ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮುಳ್ಳು ಯಾವ ಕಡೆಗೂ ವಾಲದಂತೆ ಹಿಡಿಯುತ್ತಾರೆ.

ಅಯ್ಯು ಆಗಿ ಲೋಕೇಶ್. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ನಾಯಕ ಸುಬ್ಬಯ್ಯ ನಾಯ್ಡು ಅವರ ಮಗ. ಕೆಟ್ಟವನಾಗುವುದಕ್ಕೂ ಕಷ್ಟಪಡುತ್ತಿರುವ ಮನುಷ್ಯನ ಹಾಗೆ ಈ ಪಾತ್ರ ಮಾಡಿದ್ದಾರೆ. ಎದುರಿಗೆ ವಿಷ್ಣುವರ್ಧನ್ ಅವರ ಗುಳ್ಳ. ಸಾಲ, ಕೋರ್ಟು, ಮರ್ಯಾದೆಯ ಪ್ರಶ್ನೆ ಅಂತ ಇಬ್ಬರ ಹಗೆ ಬೆಳೆಯುವಾಗ ಊರು ಸುಮ್ಮನೆ ನೋಡುತ್ತ ಕೂರುವುದಿಲ್ಲ. ಒಬ್ಬ ಕಿವಿ ಊದುತ್ತಾನೆ, ಇನ್ನೊಬ್ಬ ಹೆದರಿ ಹಿಂದೆ ಸರಿಯುತ್ತಾನೆ, ಮತ್ತೊಬ್ಬನಿಗೆ ತನ್ನ ಹೊಟ್ಟೆಯದೇ ಚಿಂತೆ. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯವನ್ನು ಸಿನಿಮಾ ಮರೆತವರೂ ಮರೆತಿಲ್ಲ. ನೋಡುವವರ ಬಾಯಲ್ಲಿ ನೀರೂರಿಸುವ ಆ ದೃಶ್ಯದಲ್ಲಿ ಬರೀ ನಗೆ ಇದೆ ಅಂದುಕೊಂಡವರು ಮತ್ತೊಮ್ಮೆ ನೋಡಿ. ಅದರಲ್ಲಿ ಹಸಿವೂ ಇದೆ. ಕೊನೆಗೆ ಪ್ರವಾಹ ಬಂದಾಗ ಮುಳುಗುವ ಒಬ್ಬೊಬ್ಬರ ಪರಿಚಯವೂ ನಮಗೆ ಆಗಿರುತ್ತದೆ. ಹಾಗಾಗಿ ಆ ನೀರು ನಮ್ಮ ಮನೆಗೇ ನುಗ್ಗಿದ ಹಾಗೆ ಹೆದರುತ್ತೇವೆ. ಈಚಿನ ಎಷ್ಟೋ ಸಿನಿಮಾಗಳಲ್ಲಿ ಸಾವಿರ ಜನ ಪರದೆಯ ಮೇಲೆ ಸಾಯುತ್ತಾರೆ, ಒಬ್ಬರ ಹೆಸರೂ ನಮಗೆ ತಿಳಿದಿರುವುದಿಲ್ಲ.

ಹತ್ತನೆಯ ಜಾಗ ಇನ್ನೂ ತುಂಬಿಲ್ಲ. ಮಲ್ಪೆಯ ‘ಉಳಿದವರು ಕಂಡಂತೆ’ ಅಲ್ಲಿಗೆ ಬರಬಹುದು, ತಾರಾ ಅವರ ರತ್ನಕ್ಕ ಒಬ್ಬಳೇ ಸಾಕು ಅದಕ್ಕೆ. ಆದರೆ ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964) ನೋಡದೆ ಬಾಗಿಲು ಹಾಕಲು ಮನಸ್ಸಿಲ್ಲ. ಚಿಕ್ಕವಳಿದ್ದಾಗ ಟಿ.ವಿ.ಯಲ್ಲಿ ಒಮ್ಮೆ ನೋಡಿದ್ದು, ಕಿವಿ ಕೇಳದ ಹೆಂಗಸಾಗಿ ಹರಿಣಿಯವರ ಮುಖ ಮಾತ್ರ ಚೆನ್ನಾಗಿ ನೆನಪಿದೆ. ದೃಶ್ಯ ಕತ್ತರಿಸದ, ಮುಖ ಸರಿಯಾಗಿ ಕಾಣುವ ಪ್ರತಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಎಲ್ಲಾದರೂ ಥಿಯೇಟರಿನಲ್ಲಿ ಹಾಕುವವರಿದ್ದರೆ ಇನ್ನೂ ಒಳ್ಳೆಯದು, ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ.