ಕ್ವಾರ್ಟರ್ಸ್ ಧಣಿಗಳ ಕಷ್ಟಸುಖ

ಕೇರಳದಲ್ಲಿ ಜನ್ಮಿ ಪದ್ಧತಿ, ಅಂದರೆ ಜಮೀನ್ದಾರಿ, 1970ರ ಜನವರಿ 1ಕ್ಕೆ ಮುಗಿಯಿತು. ಒಕ್ಕಲು ಮಾಡುತ್ತಿದ್ದವನಿಗೇ ಭೂಮಿ ಸಿಕ್ಕಿತು, ಗೇಣಿ ಅಳೆಯುವುದು ನಿಂತಿತು. ಊರಿಗೆ ಧಣಿಗಳೇ ಇಲ್ಲ ಎಂದರೆ ಬಣಗುಟ್ಟುತ್ತದೆ ಅಲ್ವಾ? ಹಾಗಾಗಿ ನಾವು ಕಾಸರಗೋಡಿನವರು ಗಲ್ಫ್ ದುಡ್ಡು, ಅಡಿಕೆ ದುಡ್ಡು ಸೇರಿಸಿ ಹೊಸ ಧಣಿಗಳನ್ನು ತಯಾರು ಮಾಡಿಕೊಂಡೆವು. ಉಪ್ಪಳ, ಕುಂಬಳೆ, ಸೀತಾಂಗೋಳಿ, ಬದಿಯಡ್ಕ, ಎಲ್ಲಿ ಬೇಕಾದರೂ ನೋಡಿ. ಕೆಳಗೆ ಶಟರ್ ಎಳೆದ ನಾಲ್ಕು ಅಂಗಡಿ, ಮೇಲೆ ಸಾಲು ಕೋಣೆ, ಅದಕ್ಕೆ ಕ್ವಾರ್ಟರ್ಸ್ ಎಂದು ಹೆಸರು. ಗೇಣಿ ಕೊಟ್ಟು ಕೊಟ್ಟು ಬೆನ್ನು ಬಾಗಿಸಿಕೊಂಡ ಅಜ್ಜನ ಮೊಮ್ಮಗ ಈಗ ತಿಂಗಳ ಐದಕ್ಕೆ ಬಾಡಿಗೆ ವಸೂಲಿಗೆ ಬುಲೆಟ್ಟಿನಲ್ಲಿ ಬರುತ್ತಾನೆ.

ಕೂತು ಉಣ್ಣುವ ಆದಾಯ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ಕಟ್ಟಡಕ್ಕೆ 60 ಲಕ್ಷ ಸುರಿದಿರಿ, ಆರು ಕೋಣೆ, ಒಂದಕ್ಕೆ 4,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2 ಲಕ್ಷ 88 ಸಾವಿರ. ನೂರಕ್ಕೆ ಐದೂ ಹುಟ್ಟಲಿಲ್ಲ. ಅದೂ ಒಂದು ಕೋಣೆಯೂ ಖಾಲಿ ಬೀಳದಿದ್ದರೆ. ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಇದಕ್ಕಿಂತ ಜಾಸ್ತಿ ಬರುತ್ತದೆ, ಠೇವಣಿಗೆ ಸುಣ್ಣ ಬಳಿಯಬೇಕಾಗಿಯೂ ಇಲ್ಲ. ಆದರೆ ಹೆಣ್ಣು ನೋಡಲು ಹೋದಲ್ಲಿ ಠೇವಣಿ ಪತ್ರ ಬಿಚ್ಚಿ ತೋರಿಸಲಿಕ್ಕಾಗುತ್ತದೆಯೇ? "ಹುಡುಗನಿಗೆ ಕ್ವಾರ್ಟರ್ಸ್ ಉಂಟು" ಎಂದರೆ ಮುಗಿಯಿತು.

ನೂರಕ್ಕೆ ಐದು ಸಾಲದು ಎಂದು ಗೊತ್ತಾದ ದಿನ ಧಣಿಗಳಿಗೆ ಜ್ಞಾನೋದಯವಾಗುತ್ತದೆ. ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದವರನ್ನು ಕೇರಳದಲ್ಲಿ ಅತಿಥಿ ಕಾರ್ಮಿಕರು ಎನ್ನುತ್ತಾರೆ. ಅತಿಥಿಗಳಿಗೆ ಬಾಡಿಗೆ ಕೋಣೆ ಲೆಕ್ಕದಲ್ಲಲ್ಲ, ತಲೆ ಲೆಕ್ಕದಲ್ಲಿ. ಹತ್ತು ಅಡಿ ಕೋಣೆಗೆ ಎಂಟು ತಲೆ. ಎಂಟು ತಲೆಗೂ ಸೇರಿ ಹೊರಗೆ ಒಂದು ಕಕ್ಕಸು. ಅತಿಥಿ ಸತ್ಕಾರ ಇಲ್ಲಿಗೆ ಸಂಪನ್ನವಾಯಿತು.

ನಮ್ಮ ಕಡೆಯ ಒಬ್ಬ ಧಣಿಗಳ ಕತೆ ಕೇಳಿ. ಕನ್ನಡ ಮಾಧ್ಯಮದಲ್ಲಿ ಓದಿದವರು, ಭಾಷಾಭಿಮಾನಿ. ಅರ್ಜಿ ಫಾರಂ ಕನ್ನಡದಲ್ಲೂ ಕೊಡಬೇಕು ಎಂದು ವಿದ್ಯಾನಗರದ ಕಲೆಕ್ಟರೇಟ್ ಮುಂದೆ ಧರಣಿ ಇದ್ದರೆ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬವೊಂದಕ್ಕೆ ಮೇಲಿನ ಕೋಣೆ ಕೊಟ್ಟರು. ಧಣಿಗಳಿಗೆ ಮಲಯಾಳ ಓದಲು ಬರುವುದಿಲ್ಲ. ಗದಗದವರಿಗೆ ಕೇಳಿದರೂ ತಿಳಿಯುವುದಿಲ್ಲ. ಕರಾರು ಪತ್ರ ಅಚ್ಚ ಮಲಯಾಳದಲ್ಲಿ! ಕನ್ನಡದಲ್ಲಿ ಬರೆದುಕೊಡುವವರು ಇಲ್ಲವೆಂದಲ್ಲ. ಟೈಪು ಮಾಡುವ ಅಂಗಡಿಯಲ್ಲಿ ಹಳೆಯದೊಂದು ಇತ್ತು, ಹೆಸರು ಬದಲಿಸಿದರು, ಅಷ್ಟೆ. ಇಬ್ಬರೂ ಗಂಭೀರವಾಗಿ ಕಣ್ಣಾಡಿಸಿ ಸಹಿ ಹಾಕಿದರು. ಅದರ ಪ್ರಕಾರ ಕೋಣೆಯಲ್ಲಿ ಬೇಕರಿ ನಡೆಸಬೇಕಾಗಿ ಬಂದರೂ ಇಬ್ಬರಿಗೂ ತಕರಾರಿಲ್ಲ.

ಅವಧಿ 11 ತಿಂಗಳು. ಒಂದು ವರ್ಷ ದಾಟಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಹಾಗಾಗಿ ದೇಶದ ಬಾಡಿಗೆದಾರರಿಗೆಲ್ಲ ವರ್ಷಕ್ಕೆ ಹನ್ನೊಂದೇ ತಿಂಗಳು. ನೂರು ವರ್ಷಕ್ಕೂ ಹಳೆಯ ಆ ಒಂದು ಕಾಯ್ದೆಯನ್ನು ಧಣಿಗಳು ಬಾಯಿಪಾಠ ಮಾಡಿದ್ದಾರೆ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸುದ್ದಿ ಮಾತ್ರ ಇನ್ನೂ ಅವರಿಗೆ ಮುಟ್ಟಿಲ್ಲ. ಬಾಡಿಗೆ ಎರಡು ದಿನ ತಡವಾದರೆ ಮೋಟಾರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ, ಬಿಡಿಸಬೇಕಿದ್ದರೆ ಕೋರ್ಟಿಗೆ ಹೋಗಬೇಕು ಎಂದೆಲ್ಲ ಅದರಲ್ಲಿದೆಯಂತೆ. "ನನ್ನ ಫ್ಯೂಸ್, ನನ್ನ ಜೇಬು" ಎಂಬುದು ಧಣಿಗಳ ವಾದ.

ಬಾವಿಗೂ ಕಕ್ಕಸು ಗುಂಡಿಗೂ ನಡುವೆ ಏಳೂವರೆ ಮೀಟರ್ ಅಂತರ ಬೇಕು ಎಂಬ ನಿಯಮವೂ ಇದೆ. ಧಣಿಗಳು ಅದನ್ನು ಪೂರ್ತಿ ಪಾಲಿಸಿದ್ದಾರೆ, ಪಂಚಾಯತಿಗೆ ಕೊಟ್ಟ ಪ್ಲಾನಿನಲ್ಲಿ. ಜಾಗದಲ್ಲಿ ಬಾವಿಕಟ್ಟೆಗೆ ಒರಗಿ ನಿಂತು ಗುಂಡಿಯ ಚಪ್ಪಡಿ ಮೇಲೆ ಕಾಲಿಡಬಹುದು. ಅದೇ ಚಪ್ಪಡಿ ಮೇಲೆ ಕೂತು ಎಂಟು ತಲೆಗಳು ಪಾತ್ರೆ ತೊಳೆಯುತ್ತವೆ.

ದುರಸ್ತಿಯ ವಿಷಯಕ್ಕೆ ಬಂದರೆ ಆದಾಯ ತೆರಿಗೆಯವರಷ್ಟು ಉದಾರಿಗಳು ಬೇರೆ ಇಲ್ಲ. ಕಟ್ಟಡದ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30ನ್ನು ದುರಸ್ತಿ, ಮೇಲ್ಖರ್ಚು ಎಂದು ಬಿಟ್ಟುಕೊಡುತ್ತಾರೆ. ರಶೀದಿ ಕೇಳುವುದಿಲ್ಲ. ಒಂದು ಚೀಲ ಸಿಮೆಂಟು ತರದವನಿಗೂ ಅದೇ 30. ನಮ್ಮ ಧಣಿಗಳಿಗೆ ಅದೂ ಬೇಡ, ಏಕೆಂದರೆ ಬಾಡಿಗೆ ಬರುತ್ತದೆ ಎಂದು ಅವರು ಇದುವರೆಗೆ ಯಾರಿಗೂ ಹೇಳಿಲ್ಲ.

ಇನ್ನು ಆಟಿ, ಅಂದರೆ ತುಳುವರ ಜಡಿಮಳೆಯ ತಿಂಗಳು. ಇಲ್ಲಿನ ಮಳೆಗೆ ಕಾಂಕ್ರೀಟ್ ಮನೆಯ ತಾರಸಿಯೂ ಮೇಲೊಂದು ಶೀಟಿನ ಮಾಡು ಕೇಳುತ್ತದೆ. ಧಣಿಗಳ ಸ್ವಂತ ಮನೆಗೆ ಶೀಟು ಉಂಟು. ಕ್ವಾರ್ಟರ್ಸಿಗೆ ಇಲ್ಲ. ರಾತ್ರಿ ಫೋನು ಬಂತು.

"ಸಾವ್ಕಾರ್ರ, ಹಾಸಿಗಿ ಮ್ಯಾಲೆ ನೀರು ಬೀಳಾಕತ್ತೈತ್ರಿ."

"ಮಳೆಗಾಲ ಅಲ್ವಾ ಮಾರಾಯ, ಎಲ್ಲರದ್ದೂ ಸೋರುತ್ತದೆ. ಹಾಸಿಗೆ ಸ್ವಲ್ಪ ಆಚೆ ಎಳ್ಕೊ."

"ಆಚಿ ಬಾಜೂನೂ ಸೋರಾಕತ್ತೈತ್ರಿ."

"ಹಾಗಾದ್ರೆ ಈಚೆ ಎಳ್ಕೊ."

ಧಣಿಗಳು ಮಾತಾಡಿದ್ದು ಮಂಗಳೂರಿನಿಂದ. ಮಕ್ಕಳ ಓದಿಗೆಂದು ಅಲ್ಲೊಂದು ಫ್ಲ್ಯಾಟ್ ಬಾಡಿಗೆಗೆ ಹಿಡಿದು ಅಲ್ಲೇ ಇದ್ದಾರೆ. ಅದರ ಬಚ್ಚಲಿನ ನಲ್ಲಿ ನಿನ್ನೆಯಿಂದ ತೊಟ್ಟಿಕ್ಕುತ್ತಿದೆ. ಗದಗದವರ ಫೋನು ಇಟ್ಟವರೇ ತಮ್ಮ ಓನರಿಗೆ ಹಚ್ಚಿದರು. ಬಾಡಿಗೆ ಎಣಿಸಿ ತಗೊಳ್ತೀರಿ, ನಿಮಗೆ ಜವಾಬ್ದಾರಿ ಅಂತ ಒಂದು ಬೇಡ್ವಾ, ಕಾನೂನು ಗೊತ್ತುಂಟಾ ನಿಮಗೆ, ಎಂದೆಲ್ಲ ಕೂಗಾಡಿದರು. ಓನರು ಸಮಾಧಾನದಿಂದಲೇ ಕೇಳಿಸಿಕೊಂಡರಂತೆ. ಅವರು ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಾಡಿಗೆ ಮನೆಯಲ್ಲಿದ್ದಾರೆ. ಅಲ್ಲಿ ಮೂರು ದಿನದಿಂದ ನೀರೇ ಇಲ್ಲ, ಅವರ ಓನರು ಫೋನು ಎತ್ತುತ್ತಿಲ್ಲ.