ಕೊಲರಾಡೊ ಗೊತ್ತು, ಚಿಂತಾಮಣಿ ಗೊತ್ತಿಲ್ಲ

ಮಾಡೆಲ್ ರೈಲುಗಳ ಪ್ರದರ್ಶನಕ್ಕೆ ಹೋಗಿ ಈಗಷ್ಟೇ ಮನೆಗೆ ಬಂದೆ. ಮೈಯೆಲ್ಲ ಉರೀತಿದೆ. ಯಾರು ನಡೆಸಿದ್ದು, ಎಲ್ಲಿ ಅಂತ ಕೇಳಬೇಡಿ, ಹೇಳಲ್ಲ. ಅಲ್ಲಿದ್ದ ಹುಡುಗರು ಒಳ್ಳೆಯವರು. ಕಾಫಿ ಕೂಡ ಕೊಟ್ಟರು.

ಕೆಲಸ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಸೊಂಟದೆತ್ತರದ ಮೇಜುಗಳ ಮೇಲೆ 45 ಮಿ.ಮೀ. ಗೇಜಿನ (ಅಂದರೆ ಎರಡು ಹಳಿಗಳ ನಡುವಿನ ಅಂತರ) ಹಳಿ, ಕಲ್ಲುಬೆಟ್ಟ, ಕಡ್ಡಿ ಕಡ್ಡಿ ಜೋಡಿಸಿದ ಮರದ ಸೇತುವೆ. ಆ ಸೇತುವೆ ಮೇಲೆ ಓಲಾಡ್ತಾ ಬಂತು ನೋಡಿ ಒಂದು ಬೆಳ್ಳಿ ಬಣ್ಣದ ಗಾಡಿ. ಮುಂದೆ ಹಳೇ ಕಾರಿನ ಮೂತಿ, ಹಿಂದೆ ಸಾಮಾನು ತುಂಬೋ ಡಬ್ಬ. ಗ್ಯಾಲಪಿಂಗ್ ಗೂಸ್! ನಮ್ಮ ಹುಚ್ಚಿನವರಿಗೆ ಹೆಸರು ಕೇಳಿದರೇ ಸಾಕು. ನಾನೂ ಬಾಯಿ ಬಿಟ್ಕೊಂಡು ನಿಂತಿದ್ದೆ.

ಪಕ್ಕದಲ್ಲಿ ಮೊಮ್ಮಗನ ಕೈ ಹಿಡಿದಿದ್ದ ಒಬ್ಬ ಯಜಮಾನರು ಕೇಳಿದರು: "ಏನಪ್ಪಾ, ನಮ್ ಬಂಗಾರಪೇಟೆ ರೈಲ್‌ಬಸ್ ಇದ್ದಂಗೈತಲ್ಲ ಇದು?"

ಪ್ರದರ್ಶನದ ಹುಡುಗ ನಕ್ಕ. "ಇಲ್ಲ ಅಂಕಲ್, ಇದು ಕೊಲರಾಡೊ."

"ಅದೇ ಅಂತೀನಿ, ಕೋಲಾರ."

ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಜಮಾನರು ಹೇಳಿದ್ದರಲ್ಲಿ ತಪ್ಪೇನಿದೆ? ಕೊಲರಾಡೊದ ರಿಯೊ ಗ್ರಾಂಡೆ ಸದರ್ನ್ ಅನ್ನೋ ಮೂರಡಿ ಗೇಜಿನ ರೈಲು ಕಂಪನಿ ದಿವಾಳಿ ಅಂಚಿಗೆ ಬಂದಾಗ, ಉಗಿ ಎಂಜಿನ್ ಓಡಿಸೋಕೆ ಕಾಸಿಲ್ಲದೆ, 1931ರಿಂದ ಹಳೇ ಬ್ಯೂಕ್, ಪಿಯರ್ಸ್ ಆ್ಯರೋ ಕಾರುಗಳ ಮೈಗೆ ರೈಲಿನ ಗಾಲಿ ಕಟ್ಟಿ ಟಪಾಲು ಸಾಗಿಸಿತು. ಅದೇ ಗೂಸ್. ಬಂಗಾರಪೇಟೆ–ಕೋಲಾರದ ನಡುವೆ ಒಂಟಿ ರೈಲ್‌ಬಸ್ ಓಡಿದ್ದೂ ಹೆಚ್ಚುಕಮ್ಮಿ ಅದೇ ಲೆಕ್ಕಾಚಾರಕ್ಕೆ: ಜನ ಕಮ್ಮಿ, ಇಡೀ ರೈಲು ಯಾಕೆ ದಂಡ ಅಂತ. (ಅದು ಓಡಿದ್ದು ಬ್ರಾಡ್‌ಗೇಜ್ ಆದ ಮೇಲೆ ಅಂತ ಕಾಮೆಂಟಲ್ಲಿ ತಿದ್ದೋಕೆ ಬರೋರಿಗೆ: ಗೊತ್ತು ಸ್ವಾಮಿ, ಗೊತ್ತು.) ಮೈಸೂರಿನ ರೈಲು ಮ್ಯೂಸಿಯಂನಲ್ಲಿ ರೈಲಿನ ಗಾಲಿ ಹಾಕಿಸಿಕೊಂಡ ಆಸ್ಟಿನ್ ಕಾರು ನಿಂತಿದೆ. ಗೂಸ್‌ನ ಖಾಸಾ ದಾಯಾದಿ ಅದು. ಆ ಹುಡುಗರಲ್ಲಿ ಎಷ್ಟು ಜನ ಅದನ್ನ ನೋಡಿದಾರೋ!

ನನ್ನ ತಕರಾರು ಇಷ್ಟೇ. ರಿಯೊ ಗ್ರಾಂಡೆ ಸದರ್ನ್‌ನ ಹಳಿ ಕಿತ್ತು ಎಪ್ಪತ್ತು ವರ್ಷ ದಾಟಿತು. ಆದರೂ ಅದು ಸಾಯಲೇ ಇಲ್ಲ. ಅಲ್ಲಿನವರು ಡ್ರಾಯಿಂಗ್ ಉಳಿಸಿಕೊಂಡರು, ಫೋಟೋ ಉಳಿಸಿಕೊಂಡರು, 1:20.3 (ಅಸಲಿಯ 20.3ರಲ್ಲಿ ಒಂದು ಪಾಲು) ಅಂತ ಒಂದು ಅಳತೆಯನ್ನೇ ಹುಟ್ಟುಹಾಕಿದರು. ಮೂರಡಿ ಗೇಜು 45 ಮಿ.ಮೀ. ಹಳಿ ಮೇಲೆ ಕರಾರುವಾಕ್ಕಾಗಿ ಕೂರಬೇಕು ಅನ್ನೋ ಒಂದೇ ಹಟಕ್ಕೆ. ಬೆಂಗಳೂರಲ್ಲಿ ಕೂತ ಹುಡುಗ ಇವತ್ತು ಆ ಗಾಡಿಯ ಬಾನೆಟ್ ಹೇಗೆ ತೆರ್ಕೊಳ್ತಿತ್ತು ಅಂತ ಹೇಳ್ತಾನೆ. ಹೇಳಲಿ, ಸಂತೋಷ. ಚಿಂತಾಮಣಿ ಸ್ಟೇಷನ್ನಿಗೆ ಬರ್ತಿದ್ದ ಬೋಗಿಗೆ ಎಷ್ಟು ಕಿಟಕಿ ಅಂತ ಕೇಳಿ. "ಅಲ್ಲಿ ನ್ಯಾರೋಗೇಜ್ ಇತ್ತಾ ಸಾರ್?"

ಇತ್ತಪ್ಪ. ಯಲಹಂಕ, ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಬಂಗಾರಪೇಟೆ. ಎರಡೂವರೆ ಅಡಿ, ಅಂದರೆ 762 ಮಿ.ಮೀ. ಹಳಿ. 1910ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಹಾಕಿದ್ದು. ತುಂಡು ತುಂಡಾಗಿ ಬ್ರಾಡ್‌ಗೇಜ್ ಆಗ್ತಾ ಬಂದು, ಚಿಕ್ಕಬಳ್ಳಾಪುರ–ಕೋಲಾರದ ತುಂಡು ಮುಗಿದದ್ದು 2013ರಲ್ಲಿ. ಮೊನ್ನೆ ಮೊನ್ನೆ. ಆ ಹುಡುಗರು ಹೈಸ್ಕೂಲಲ್ಲಿದ್ದಾಗ.

(ನನ್ನ ಊರೂ ಆ ಕಡೆಯದೇ ಅಂತ ನಿಮಗೆಲ್ಲ ಗೊತ್ತು. ಈ ವಿಷಯದಲ್ಲಿ ನನ್ನ ಹತ್ರ ನ್ಯಾಯ ನಿರೀಕ್ಷಿಸಬೇಡಿ.)

ಈಗ ಒಬ್ಬ ಬರ್ತಾನೆ, "ಹವ್ಯಾಸಕ್ಕೂ ನಾಡಾಭಿಮಾನ ತರಬೇಕಾ ಗುರುಗಳೇ? ಅವರ ದುಡ್ಡು, ಅವರ ಮೇಜು, ಅವರಿಷ್ಟ" ಅಂತ. ಆಯ್ತಪ್ಪ, ಅವರಿಷ್ಟ. ಬೇಡ ಅಂದವರ್ಯಾರು? ಇನ್ನೊಬ್ಬ ಬರ್ತಾನೆ: "ನಮ್ಮ ರೈಲಿನ ಕಿಟ್ ಎಲ್ಲಿ ಸಿಗುತ್ತೆ? ಮಾರ್ಕೆಟ್ ಎಲ್ಲಿದೆ?" ಇವನಿಗೆ ಒಂದು ಕಥೆ ಹೇಳಬೇಕು.

ಈ ದೊಡ್ಡ ಅಳತೆಯ ಹುಚ್ಚನ್ನ ಮನೆಮನೆಗೆ ತಂದಿದ್ದು ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ. 1968ರಲ್ಲಿ ಎಲ್‌ಜಿಬಿ ಅನ್ನೋ ಹೆಸರಲ್ಲಿ ಮಾಡೆಲ್ ರೈಲು ಮಾಡೋಕೆ ಶುರುಮಾಡಿತು. ಅದರ ಮೊದಲ ಎಂಜಿನ್ ಯಾವುದು ಅಂದ್ಕೊಂಡ್ರಿ? ಸ್ವಿಸ್ ಆಲ್ಪ್ಸ್‌ನ ರಾಜಗಾಂಭೀರ್ಯದ ರೈಲಾ? ಅಲ್ಲ. ಆಸ್ಟ್ರಿಯಾದ ಸ್ಟೈನ್ಸ್ ಅನ್ನೋ ಮೂಲೆ ಊರಿನ, 1892ರ, ಎರಡು ಜೊತೆ ಗಾಲಿಯ ಗಿಡ್ಡ ಉಗಿ ಎಂಜಿನ್. ಆ ಊರಿನ ಹತ್ತಿರ ಒಬ್ಬ ನಾಟಿ ವೈದ್ಯನಿದ್ದ, ಮೂತ್ರ ನೋಡಿ ಕಾಯಿಲೆ ಹೇಳ್ತಿದ್ದ. ಜನ ಮೂತ್ರದ ಸೀಸೆ ಹಿಡಿದು ರೈಲು ಹತ್ತೋರು. ಆ ರೈಲಿಗೆ ಇವತ್ತಿಗೂ ಸೀಸೆ ರೈಲು ಅಂತಲೇ ಅಡ್ಡಹೆಸರು. ಹಳಿಯ ಅಗಲ ಎಷ್ಟು ಗೊತ್ತಾ? 760 ಮಿ.ಮೀ. ನಮ್ಮದಕ್ಕಿಂತ ಎರಡೇ ಎರಡು ಮಿ.ಮೀ. ಕಮ್ಮಿ! ಮೂತ್ರದ ಸೀಸೆ ಹೊತ್ತ ರೈಲು ಪ್ರಪಂಚದ ತೋಟಗಳಲ್ಲೆಲ್ಲ ಓಡಬಹುದು, ನಮ್ಮ ರೇಷ್ಮೆಗೂಡಿನ ಸೀಮೆಯ ರೈಲಿಗೆ ಮಾರ್ಕೆಟ್ ಇಲ್ಲ. ಬಾಯಿ ಮುಚ್ಕೊಂಡಿರಿ.

ಇನ್ನೊಂದು ತಮಾಷೆ. ಎಲ್‌ಜಿಬಿಯ 1:22.5 ಅಳತೆ, 45 ಮಿ.ಮೀ. ಹಳಿ, ಎರಡೂ ಸೇರಿ ಸರಿಹೋಗೋದು ಮೀಟರ್‌ಗೇಜಿಗೆ. ಅಂದರೆ ಪಾಪ ಸ್ಟೈನ್ಸ್ ಎಂಜಿನ್ ಮೊದಲ ದಿನದಿಂದ ತನ್ನದಲ್ಲದ ಅಗಲದ ಹಳಿ ಮೇಲೆ ಕಾಲು ಅಗಲಿಸಿಕೊಂಡು ಓಡ್ತಿದೆ. ನಮ್ಮ ಕೋಲಾರ ಲೈನಿಗೆ ಆ ದುರ್ಗತಿಯೂ ಬೇಕಿಲ್ಲ. ಇಂಗ್ಲೆಂಡಿನವರು ಎರಡಡಿ ಗೇಜಿಗೆ ಬಳಸೋ 32 ಮಿ.ಮೀ. ಹಳಿ ತಗೊಳ್ಳಿ, 762ನ್ನು 32ರಿಂದ ಭಾಗಿಸಿ. ಹತ್ತಿರ ಹತ್ತಿರ 24 ಬರುತ್ತೆ. 1:24 ಅಂದರೆ ಡೈಕಾಸ್ಟ್ (ಲೋಹದ ಅಚ್ಚಿನ) ಆಟಿಕೆ ಕಾರುಗಳ ಅಳತೆ! ಐದೂವರೆ ಅಡಿ ಮನುಷ್ಯ ಏಳು ಸೆಂ.ಮೀ. ಆಗ್ತಾನೆ. ಸ್ಟೇಷನ್ ಮುಂದೆ ನಿಲ್ಲಿಸೋ ಕಾರು ಆಟಿಕೆ ಅಂಗಡೀಲೇ ಸಿಗುತ್ತೆ. ಇಷ್ಟು ಅನುಕೂಲ ಕೊಲರಾಡೊದವರಿಗೂ ಇರಲಿಲ್ಲ.

ನಾನೇನು ಬರೀ ಬಾಯಿಮಾತಲ್ಲಿ ಹೇಳ್ತಿಲ್ಲ. ನಂದಿ ಹಾಲ್ಟ್ ಸ್ಟೇಷನ್ನಿನ ಹಳೇ ಕಲ್ಲು ಕಟ್ಟಡ ಇನ್ನೂ ನಿಂತಿದೆ. ಟೇಪು ಹಿಡ್ಕೊಂಡು ಹೋಗಿ ಬಾಗಿಲು, ಕಿಟಕಿ, ಮೂಲೆಗಲ್ಲು ಎಲ್ಲ ಅಳೆದು ತಂದಿದೀನಿ. ಪಿಕ್ನಿಕ್ಕಿಗೆ ಬಂದಿದ್ದವರು ರಿಯಲ್ ಎಸ್ಟೇಟಿನವನು ಅಂದ್ಕೊಂಡು ರೇಟು ವಿಚಾರಿಸಿದರು. ಕಟ್ಟಡ ಪರವಾಗಿಲ್ಲ, ಸಮಸ್ಯೆ ಇರೋದು ಬೋಗಿಯದು. ಬೋಗಿ ಒಂದೂ ಕೈಗೆ ಸಿಗ್ತಿಲ್ಲ, ಇರೋದೆಲ್ಲ ಫೋಟೋ. ಬೋಗಿಯ ಹಿಂಭಾಗ ನೇರವಾಗಿ ಕಂಡು, ಕೆಳಗೆ ಎರಡೂ ಹಳಿ ಕಂಡರೆ ಸಾಕು. ಹಳಿ ನಡುವಿನ ಅಂತರ 762 ಅಂತ ಗೊತ್ತಲ್ಲ, ಅದನ್ನೇ ಅಳತೆಕೋಲು ಮಾಡಿಕೊಂಡು ಅಗಲ, ಎತ್ತರ, ಸೂರಿನ ಬಾಗು ಎಲ್ಲ ತೆಗೀಬಹುದು. ಆದರೆ ನಮ್ಮವರ ಫೋಟೋದಲ್ಲಿ ಬೋಗಿ ಎಲ್ಲಿರುತ್ತೆ? ಮಾವ, ಅತ್ತೆ, ಮಾವನ ಕೂಲಿಂಗ್ ಗ್ಲಾಸು, ಅದರ ಹಿಂದೆ ಅರ್ಧ ಕಿಟಕಿ. ಹಳಿಯಂತೂ ಸೀರೆ ನೆರಿಗೆ ಹಿಂದೆ ಮಾಯ.

ಆ ಅರ್ಧ ಕಿಟಕಿಯಿಂದಲೇ ಶುರುಮಾಡಿದೀನಿ. ಬಡಗಿ ಅಂಗಡಿಯಿಂದ ತೇಗದ ಚೂರು ತಂದು, ತೆಳುಪಟ್ಟಿ ಸೀಳಿ, ಒಂದರ ಮೇಲೊಂದು ಓರೆಯಾಗಿ ಅಂಟಿಸಿ, ಕಿಟಕಿಯ ಓರೆಪಟ್ಟಿಯ ಬಾಗಿಲು ಮಾಡ್ತಿದೀನಿ. ಪಟ್ಟಿ ಒಂದು ಮಿ.ಮೀ.ಗಿಂತ ದಪ್ಪ ಆದರೆ ದನದ ಕೊಟ್ಟಿಗೆ ಥರ ಕಾಣುತ್ತೆ, ತೆಳ್ಳಗಾದರೆ ಫೆವಿಕಾಲ್ ತೇವಕ್ಕೆ ಸುರುಳಿ ಸುತ್ಕೊಳುತ್ತೆ. ರಾತ್ರಿ ಹನ್ನೊಂದಕ್ಕೆ ಟೇಬಲ್ ಲ್ಯಾಂಪ್ ಕೆಳಗೆ ಇಕ್ಕಳ ಹಿಡಿದು ಕೂತವನನ್ನ ನೋಡಿ ಮನೆಯವರು ಏನಂದ್ಕೊಳ್ತಾರೆ ಅಂತ ಕೇಳಬೇಡಿ. ಹಳಿ ಹಾಕೋದು ತಾರಸಿ ಮೇಲೆ. ಅಲ್ಲಿ ಬೇರೆ ತಲೆನೋವು: ಬಿಸಿಲಿಗೆ ಮೂವತ್ತು ಡಿಗ್ರಿ ಏರಿದರೆ ಹತ್ತು ಮೀಟರ್ ಹಿತ್ತಾಳೆ ಹಳಿ ಆರು ಮಿ.ಮೀ.ನಷ್ಟು ಬೆಳೆಯುತ್ತೆ. ನಡುನಡುವೆ ಜಾಗ ಬಿಡದಿದ್ದರೆ ಮಧ್ಯಾಹ್ನಕ್ಕೆ ಹಾವಿನ ಹಾಗೆ ಸೊಟ್ಟಗಾಗಿರುತ್ತೆ.

ಹೊಟ್ಟೆಕಿಚ್ಚಿಲ್ಲವಾ ಅಂದರೆ, ಇದೆ. ಆ ಗೂಸ್‌ನ ಬೆಲೆ ಕೇಳಿ ಹತ್ತು ನಿಮಿಷ ಮಾತಾಡಲಿಲ್ಲ ನಾನು. ನನ್ನ ಹಳಿಗಳ ಬೆಲೆಯೇ ಹೆಂಡತಿಗೆ ಅರ್ಧ ಮಾತ್ರ ಗೊತ್ತು. ಅವಳು ಫೇಸ್‌ಬುಕ್‌ನಲ್ಲಿಲ್ಲ, ಅವಳ ತಂಗಿ ಇದ್ದಾಳೆ. ಏನಮ್ಮಾ ನಾದಿನಿ, ಓದಿದ್ರೂ ಓದಿಲ್ಲ ಅಂದ್ಕೊ.

ಆ ಹುಡುಗರ ಕೈಯಲ್ಲಿ ಕಸುಬಿದೆ. ಆ ಮರದ ಸೇತುವೆ ಕಟ್ಟಿದವನು ನನ್ನ ಕಿಟಕಿಯನ್ನ ಒಂದು ವಾರದಲ್ಲಿ ಮಾಡಿ ಬಿಸಾಕ್ತಾನೆ. ಸಿಟ್ಟು ಬರೋದೇ ಅದಕ್ಕೆ. ಕೈಲಾಗದವರ ಮೇಲೆ ಯಾರು ಸಿಟ್ಟು ಮಾಡ್ತಾರೆ?

ಯಜಮಾನರ ಫೋನ್ ನಂಬರ್ ಇಸ್ಕೊಂಡಿದೀನಿ. ಮನೆಯಲ್ಲಿ ಹಳೇ ಆಲ್ಬಮ್ ಇದೆ ಅಂದರು. ನಿಮ್ಮಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯವರು ಬೇಕಾದಷ್ಟು ಜನ ಇದೀರಿ. ಅಟ್ಟ ಹತ್ತಿ, ಟ್ರಂಕು ತೆಗೀರಿ. ಬೋಗಿಯ ಹಿಂಭಾಗ, ಎರಡು ಹಳಿ, ಅಷ್ಟು ಕಂಡರೆ ಇನ್‌ಬಾಕ್ಸ್‌ಗೆ ಹಾಕಿ. ಮಾವ ಅಡ್ಡ ನಿಂತಿದ್ದರೂ ಪರವಾಗಿಲ್ಲ, ಅವರ ಎತ್ತರ ಎಷ್ಟು ಅಂತ ಮಾತ್ರ ಬರೆದು ಕಳಿಸಿ.